ಕೈ ಎತ್ತಿದರೂ ಹರಿಯದ ರವಿಕೆ

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಪೇಟೆಯ ಕಡೆಗೆ ಸ್ವಲ್ಪ ನಡೆದರೆ ಒಂದು ಮೊಬೈಲ್ ಅಂಗಡಿ ಸಿಗುತ್ತದೆ. ಅದರ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಶ್ರೀಲತಾಳ ಬೊಟಿಕ್. ಮದುವೆ ಸೀಸನ್ನಿನಲ್ಲಿ ಯಾವಾಗ ಹೋದರೂ ಅಲ್ಲಿ ಒಂದೇ ನೋಟ. ದೊಡ್ಡ ಕನ್ನಡಿಯ ಎದುರು ಯಾರೋ ಒಬ್ಬ ಮದುಮಗಳು ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ನಿಂತಿರುತ್ತಾಳೆ. ಟೇಪು ಹಿಡಿದ ಶ್ರೀಲತಾ ಅವಳ ಸುತ್ತ ತಿರುಗುತ್ತ, "ಇನ್ನೂ ಮೇಲೆ ಎತ್ತಿ, ಮಂಡೆ ಮೇಲೆ ಒಂದ್ ಬುಟ್ಟಿ ಇತ್ತ್ ಅಂದೇಳಿ ತಿಳ್ಕಣಿ" ಎನ್ನುತ್ತಿರುತ್ತಾಳೆ. ಮದುಮಗಳಿಗೆ ನಗು, ಜೊತೆಗೆ ಬಂದವರಿಗೆ ಗಾಬರಿ.

ಲೋಕದ ದರ್ಜಿಗಳೆಲ್ಲ ಕೈ ಕೆಳಗೆ ಬಿಡಿಸಿ ಅಳತೆ ತೆಗೆದುಕೊಳ್ಳುತ್ತಾರೆ. ಹಾಗೆ ಹೊಲಿದ ರವಿಕೆ ಫೋಟೋಕ್ಕೆ ಚಂದ. ಆದರೆ ಮದುವೆಯ ಹೆಣ್ಣು ದಿನವಿಡೀ ಕೈ ಇಳಿಬಿಟ್ಟು ನಿಲ್ಲುವ ಬೊಂಬೆಯಲ್ಲವಲ್ಲ! ಮಾಲೆ ಹಾಕಬೇಕು, ದೂರದಲ್ಲಿ ಕಂಡ ಗೆಳತಿಯರಿಗೆ ಕೈ ಬೀಸಬೇಕು, ಈಗಿನ ಕಾಲದಲ್ಲಿ ಕೊನೆಗೆ ಒಂದು ಡಾನ್ಸೂ ಆಗಬೇಕು. ಕಂಬದಕೋಣೆ ಕಡೆಯ ಶರಣ್ಯಾ ಎಂಬ ಹುಡುಗಿಯ ಮದುವೆಯಲ್ಲಿ ಏನಾಯಿತು ಎಂಬುದು ಈ ಸೀಮೆಗೆಲ್ಲ ಗೊತ್ತು. ಮಾಲೆ ಹಾಕುವ ಹೊತ್ತಿಗೆ ಗಂಡಿನ ಗೆಳೆಯರು ತಮಾಷೆಗೆ ಗಂಡನ್ನು ಎತ್ತಿ ಹಿಡಿದರು. ಹುಡುಗಿ ತೊಟ್ಟದ್ದು ದೂರದ ಊರಲ್ಲಿ ಹೊಲಿಸಿದ ಬಿಗಿ ರವಿಕೆ, ಮೇಲೆ ಕಲ್ಲುಮಣಿಗಳ ಭಾರ. ಕೈ ಭುಜದಿಂದ ಮೇಲೇಳಲಿಲ್ಲ. ಹೇಗೋ ಎಸೆದ ಮಾಲೆ ಗಂಡಿನ ಪೇಟಕ್ಕೆ ಸಿಕ್ಕಿ, ಪೇಟ ಹೋಗಿ ಪುರೋಹಿತರ ಮಡಿಲಿಗೆ ಬಿತ್ತು. ಆ ವಿಡಿಯೋ ತಿರುಗದ ವಾಟ್ಸಾಪ್ ಗುಂಪಿಲ್ಲ. ಅಂದಿನಿಂದ ಬೈಂದೂರಿನಿಂದ ಬ್ರಹ್ಮಾವರದ ತನಕ, ಮಗಳ ಮದುವೆ ಗೊತ್ತಾದ ತಾಯಂದಿರೆಲ್ಲ "ಆ ಕೈ ಎತ್ತುವ ರವಿಕೆ ಹೊಲಿಯುವವಳು ಎಲ್ಲಿ" ಎಂದು ಕೇಳಿಕೊಂಡು ಬರತೊಡಗಿದರು.

ಶ್ರೀಲತಾ ರವಿಕೆಗಷ್ಟೇ ನಿಂತವಳಲ್ಲ. ಬ್ರಹ್ಮಾವರದ ಕಡೆಯ ಮಗ್ಗದ ಸೀರೆಗಳನ್ನು ತಂದು, ಅವುಗಳ ಅಗಲ ಅಂಚನ್ನು ಬೆನ್ನಿಗೂ ತೋಳಿಗೂ ತಿರುಗಿಸಿ ಅವಳು ಮಾಡಿದ ಉಡುಪುಗಳು ಮಂಗಳೂರಿನ ಒಂದು ಫ್ಯಾಷನ್ ಶೋದಲ್ಲಿ ವೇದಿಕೆ ಹತ್ತಿದವು. ರೂಪದರ್ಶಿಗಳೆಲ್ಲ ನಡುವೇದಿಕೆಗೆ ಬಂದು ಒಮ್ಮೆಲೇ ಕೈ ಎತ್ತಿದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪೇಪರಿನಲ್ಲಿ "ಕರಾವಳಿಯ ವಸ್ತ್ರವಿನ್ಯಾಸಕಿ" ಎಂದು ಫೋಟೋ ಬಂತು. ಅವಳಮ್ಮ ಸುಗುಣ ಮಾತ್ರ ಮಗನ ಮೊಬೈಲಿನಲ್ಲಿ ಅದನ್ನೆಲ್ಲ ನೋಡಿ, "ಎಂತ ಮಗಾ, ಹುಡ್ಗೇರೆಲ್ಲ ಬಸ್ಸಿಗ್ ಕೈ ತೋರ್ಸುವಾಂಗೆ ಕಾಂತ್" ಎಂದಿದ್ದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮೂರು ತಾಲೂಕಿನ ಮದುವೆ ಹೆಣ್ಣುಗಳು ಸಾಲುಗಟ್ಟಿ ಕಾಯುವ ಕೈ ಅದು. ಆದರೆ ಹೆತ್ತ ತಾಯಿ ಮಗಳು ಹೊಲಿದ ಒಂದು ರವಿಕೆಯನ್ನೂ ತೊಡುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಶ್ರೀಲತಾಳಿಗೆ ಬೇರೆ ಯಾವ ಆಸೆಯೂ ಇಷ್ಟು ಕಾಡಿರಲಿಲ್ಲ. ಅಮ್ಮ ಒಂದೇ ಒಂದು ಸಲ ತನ್ನ ಕೈಯ ರವಿಕೆ ತೊಟ್ಟು ಮೀನಿನ ಬುಟ್ಟಿ ಎತ್ತಬೇಕು, ಅಷ್ಟಾದರೆ ಸಾಕಿತ್ತು. ಏಕೆ ತೊಡುವುದಿಲ್ಲ ಎಂಬುದು ತನಗೆ ಗೊತ್ತು ಎಂದೂ ಅವಳು ತಿಳಿದಿದ್ದಳು.

ಅದು ಉಪ್ಪುಂದದ ಕಡಲ ಬದಿಯ ಕತೆ. ಅಪ್ಪ ದೇವು ಬೋಟಿಗೆ ಹೋಗುವವನು. ಸುಗುಣ ಬೆಳಕು ಹರಿಯುವ ಮೊದಲೇ ಕೊಡೇರಿಯ ಬಂದರಿಗೆ ಹೋಗಿ, ಏಲದಲ್ಲಿ ಮೀನು ಕೊಂಡು, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ ಇಟ್ಟು, ಒಳನಾಡಿನ ಮನೆಮನೆಗೆ ನಡೆಯುವಳು. "ಬಂಗುಡೆ ಬಂತ್, ಬಂಗುಡೆ!" ಎಂದು ಅವಳು ಕೂಗಿದರೆ ಗದ್ದೆಯ ಆಚೆಯ ಮನೆಯ ಬೆಕ್ಕುಗಳೂ ಎದ್ದು ಕೂರುತ್ತಿದ್ದವಂತೆ. ಎಡಗೈಯಲ್ಲಿ ಚಿಲ್ಲರೆ, ಬಲಗೈ ಯಾವಾಗಲೂ ಮೇಲೆ, ಬುಟ್ಟಿಯ ಅಂಚಿನಲ್ಲಿ. ಶ್ರೀಲತಾಳಿಗೆ ಚಿಕ್ಕಂದಿನಲ್ಲಿ ಅಮ್ಮನೆಂದರೆ ನೆನಪಾಗುತ್ತಿದ್ದದ್ದು ಆ ಎತ್ತಿದ ಕೈ. ಮನೆಗೆ ಬಂದ ಮೇಲೂ ಸುಗುಣ ಆ ಭುಜವನ್ನು ಗೋಡೆಗೆ ಒತ್ತಿ ಉಜ್ಜಿಕೊಳ್ಳುತ್ತಿದ್ದಳು.

ಪಿಯುಸಿ ಮುಗಿಸಿದ ಶ್ರೀಲತಾ ಬೈಂದೂರಿನಲ್ಲಿ ಹೊಲಿಗೆ ಕ್ಲಾಸಿಗೆ ಸೇರಿದಳು. ದೇವು ಯಾರದೋ ಹಳೆಯ ಮಿಷನ್ನು ತಂದುಕೊಟ್ಟ. ಅದರಲ್ಲಿ ಅವಳು ಹೊಲಿದ ಮೊದಲ ರವಿಕೆ ಅಮ್ಮನದ್ದೇ. ಮಗಳು ಅಳತೆ ತೆಗೆಯುತ್ತಾಳೆಂದು ಸುಗುಣ ಮಿಂದು, ಕೂದಲು ಬಾಚಿ, ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಂತವರ ಹಾಗೆ ನೆಟ್ಟಗೆ ಕೈ ಬಿಟ್ಟು ನಿಂತಳು. ಕ್ಲಾಸಿನಲ್ಲಿ ಕಲಿಸಿದ್ದೂ ಹಾಗೆಯೇ. ರವಿಕೆ ಮೈಗೆ ಅಂಟಿದ ಹಾಗೆ ಕೂತಿತು. ಕೆಂಪು ಬಟ್ಟೆ, ತೋಳಿಗೆ ಸಣ್ಣ ನೆರಿಗೆ. ಸುಗುಣ ಕನ್ನಡಿಯ ಎದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡು, ಅದನ್ನೇ ತೊಟ್ಟು ಕೊಡೇರಿಗೆ ಹೊರಟುಬಿಟ್ಟಳು. ಅಲ್ಲಿ ಬುಟ್ಟಿ ಎತ್ತಿ ತಲೆಗಿಡುವಾಗ ಕಂಕುಳಿನಿಂದ ಸೊಂಟದವರೆಗೆ ರವಿಕೆ ಪರ್ರೆಂದು ಬಿರಿಯಿತು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನೆರೆಮನೆಯ ಹರಿಣಾಕ್ಷಿಯಂತೂ, "ಸುಗುಣಕ್ಕಂಗೆ ಮಗ್ಳ್ ಕಿಟ್ಕಿ ಇಟ್ಟ್ ಹೊಲ್ದಿದ್ಲ್, ಗಾಳಿ ಬಪ್ಪುಕೆ" ಎಂದು ಊರಿಗೆಲ್ಲ ಡಂಗುರ ಸಾರಿದಳು. ಸುಗುಣ ಆ ದಿನ ಸೆರಗನ್ನು ಬಿಗಿದು ಸುತ್ತಿಕೊಂಡೇ ಮೀನೆಲ್ಲ ಮಾರಿ ಬಂದಳು.

ಬಂದವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಂಗ್ ಹೊಲುದ್ ಬ್ಯಾಡ ಮಗಾ. ನೀ ಬೇರೆಯೋರಿಗ್ ಹೊಲಿ. ನಂಗೆ ಸೂರ ಇದ್ದ" ಎಂದಳು, ಅಷ್ಟೇ. ಸೂರ ಎಂದರೆ ಉಪ್ಪುಂದದ ಹಳೆಯ ದರ್ಜಿ. ಅವನು ಹೊಲಿದ ರವಿಕೆಯಲ್ಲಿ ಇಬ್ಬರು ಹೊಗಬಹುದು, ಮಳೆ ಬಂದರೆ ಮೂರನೆಯವರಿಗೂ ಜಾಗವಿದೆ. ಕೈ ಎತ್ತಲು ಅಡ್ಡಿಯಿಲ್ಲ, ಚಂದ ಮಾತ್ರ ಕೇಳಬಾರದು. ಅಮ್ಮ ಆ ಚೀಲ ತೊಟ್ಟು ಹೊರಟಾಗಲೆಲ್ಲ ಶ್ರೀಲತಾಳಿಗೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ತಾನು ಅಮ್ಮನನ್ನು ನಾಲ್ಕು ಜನರ ಎದುರು ನಗೆಪಾಟಲಿಗೆ ಗುರಿಮಾಡಿದೆ, ಅಮ್ಮ ಅದನ್ನು ಮರೆಯಲಾರಳು ಎಂದು ಅವಳು ಅಂದೇ ತೀರ್ಮಾನಿಸಿದಳು.

ಈ ಕಡೆಯವರಿಗೆ ಮುಂಬಯಿ ಎಂದರೆ ಪಕ್ಕದ ಊರು. ಸಂಜೆ ಬಸ್ಸು ಹತ್ತಿದರಾಯಿತು. ಮಲಾಡಿನಲ್ಲಿ ಕ್ಯಾಂಟೀನು ಇಟ್ಟಿದ್ದ ಸೋದರಮಾವನ ಮನೆಯಲ್ಲಿ ಇದ್ದುಕೊಂಡು ಶ್ರೀಲತಾ ಮೊದಲು ಒಂದು ಬೊಟಿಕ್ಕಿನಲ್ಲಿ ಹುಕ್ಕು ಹಚ್ಚುವ, ಅಂಚು ಮಡಿಸುವ ಕೆಲಸಕ್ಕೆ ನಿಂತಳು. ಭಾನುವಾರ ಡಿಸೈನಿಂಗ್ ಕೋರ್ಸು. ಕೋರ್ಸಿನಲ್ಲಿ ಕಾಗದದ ಮೇಲೆ ಉದ್ದ ಕಾಲಿನ, ಮುಖವಿಲ್ಲದ ಹೆಂಗಸರನ್ನು ಬರೆಯಲು ಕಲಿಸಿದರು. ಅದೂ ಬೇಕಾದ ವಿದ್ಯೆಯೇ, ಅವಳು ಚೆನ್ನಾಗಿಯೇ ಕಲಿತಳು. ಆಮೇಲೆ ಅವಳಿಗೆ ಡಾನ್ಸ್ ತಂಡಗಳಿಗೆ ಉಡುಪು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಸೇರಿದ ಹೊಸತರಲ್ಲಿ ಒಂದು ರವಿಕೆಯನ್ನು ಬಿಚ್ಚಿ ಸರಿಮಾಡಲು ಕೊಟ್ಟರು. ಬಿಚ್ಚಿದಾಗ ಕಂಕುಳಿನ ಜಾಗದಲ್ಲಿ ಓರೆಯಾಗಿ ಕತ್ತರಿಸಿದ ಅಂಗೈಯಷ್ಟು ಚೌಕದ ತುಂಡೊಂದು ಕಾಣಿಸಿತು. ಇದೇನು ಎಂದು ಕೇಳಿದರೆ ಕಟಿಂಗ್ ಮಾಸ್ಟರು ತಲೆ ಎತ್ತದೆ, "ಚೌಬಗ್ಲಾ. ಕೈ ಮೇಲೆ ಹೋದಾಗ ಆ ತುಂಡು ಬಿಚ್ಚಿಕೊಳ್ಳುತ್ತದೆ, ಕೆಳಗೆ ಬಂದಾಗ ಮಡಿಚಿ ಅಡಗುತ್ತದೆ. ಇಲ್ಲದಿದ್ದರೆ ಕುಣಿಯುವವಳ ರವಿಕೆ ಉಳಿದೀತೇ?" ಎಂದರು. ಶ್ರೀಲತಾ ಆ ತುಂಡನ್ನು ಕೈಯಲ್ಲಿ ಹಿಡಿದು ಕೂತಲ್ಲಿಯೇ ಕೂತಳು. ಅಂಗೈಯಷ್ಟು ಬಟ್ಟೆ! ಇಷ್ಟು ಬಟ್ಟೆಯ ಗುಟ್ಟು ಅಂದು ತನಗೆ ಗೊತ್ತಿದ್ದರೆ ಅಮ್ಮ ಕೊಡೇರಿಯಲ್ಲಿ ಸೆರಗು ಸುತ್ತಿಕೊಂಡು ನಿಲ್ಲಬೇಕಿರಲಿಲ್ಲ. ಅವಳು ಎದ್ದು ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸಿ, ಚೆನ್ನಾಗಿ ಅತ್ತು ಬಂದಳು.

ಆದರೆ ಆ ತುಂಡನ್ನು ಇದ್ದ ಹಾಗೆ ತಂದು ಅಂಟಿಸಲಿಲ್ಲ. ಕುಣಿಯುವವರು ಕೈ ಎತ್ತಿ ಇಳಿಸುತ್ತಾರೆ. ಮೀನು ಹೊರುವವರ ಕೈ ಹೊತ್ತುಗಟ್ಟಲೆ ಎತ್ತಿಯೇ ಇರುತ್ತದೆ, ಅದೂ ಒಂದೇ ಕೈ. ತುಂಡಿನ ಓರೆಯನ್ನು ಬದಲಿಸಬೇಕು, ಬೆನ್ನಿನ ಭಾಗವನ್ನು ಸ್ವಲ್ಪ ಹೆಚ್ಚಿಸಬೇಕು, ಎಲ್ಲಕ್ಕಿಂತ ಮೊದಲು ಕೈ ಎತ್ತಿಸಿಯೇ ಅಳತೆ ತೆಗೆಯಬೇಕು. ಕೆಲಸ ಮುಗಿದ ಮೇಲೆ ಉಳಿಕೆ ಬಟ್ಟೆಗಳಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ನೋಡಿದಳು. ಮಾವನ ಹೆಂಡತಿ ತಲೆಯ ಮೇಲೆ ಅಕ್ಕಿ ಡಬ್ಬ ಹೊತ್ತು ಮನೆಯೊಳಗೆ ತಿರುಗಿ ತಿರುಗಿ ಸುಸ್ತಾದರು. ಮೇಲಿನಿಂದ ನೋಡಿದರೆ ಮೈಗೆ ಹಿಡಿದ, ಚಂದದ ರವಿಕೆ. ಕೈ ಎತ್ತಿದರೆ ನೀರಿನ ಹಾಗೆ ಸಡಿಲ. ಕೊನೆಗೊಮ್ಮೆ ಸರಿಯಾಯಿತು. ಊರಿನ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿ, ಫೋನು ಬರುವುದನ್ನೇ ಕಾದಳು.

"ಬಂತ್ ಮಗಾ. ಲಾಯ್ಕ್ ಇತ್ತ್. ಸುಧೀರನ ಹೆಂಡ್ತಿಗ್ ಕೊಟ್ಟೆ" ಎಂದಳು ಸುಗುಣ. ಸುಧೀರ ಎಂದರೆ ಶ್ರೀಲತಾಳ ಅಣ್ಣ.

"ನಿಂಗ್ ಅಂದೇಳಿ ಹೊಲ್ದದ್ ಅಲ್ದನಾ ಅಮ್ಮ?"

"ಅಷ್ಟ್ ಚಂದದ್ ಹಾಯ್ಕಂಡ್ ಮೀನ್ ನೀರಗ್ ಅದ್ದುದಾ? ನಂಗ್ ಸೂರಂದೇ ಸಾಕ್."

ಅವಳು ಊರಿಗೆ ಬಂದು ಅಂಗಡಿ ಹಾಕಿದ ಮೇಲೂ ಇದೇ ಪಾಡು. ಚೌತಿಗೆ ಒಂದು ಹೊಲಿದುಕೊಟ್ಟರೆ ಅದು ಸೊಸೆಗೆ, ದೀಪಾವಳಿಗೆ ಕೊಟ್ಟದ್ದು ಹರಿಣಾಕ್ಷಿಗೆ. ಒಮ್ಮೆ "ಕಿಟಕಿ ರವಿಕೆ" ಎಂದು ಕುಹಕವಾಡಿದ ಹರಿಣಾಕ್ಷಿಯೇ ಈಗ ಅದನ್ನು ತೊಟ್ಟು ಬುಟ್ಟಿ ಎತ್ತಿ, "ಹರೀತಿಲ್ಲೆ ಮಾರಾಯ್ತಿ, ಎಂತ ಸುಖ!" ಎಂದು ಹೊಗಳುತ್ತಿದ್ದಳು. ಅವಳ ಪಕ್ಕದಲ್ಲಿ ಸುಗುಣ ಸೂರನ ಚೀಲದಲ್ಲಿ. ಅಂಗಡಿಯ ಪೂಜೆಯ ದಿನ ಅವಳಿಗೆ ಸೊಂಟ ನೋವು. ಕುಂದಾಪುರಕ್ಕೆ ಬೇರೆ ಕೆಲಸಕ್ಕೆ ಬಂದರೂ ಬಸ್ಸಿನಲ್ಲಿ ಅಂಗಡಿ ಕಾಣದ ಬದಿಯ ಸೀಟು ಹಿಡಿದು ಮುಂದೆ ಹೋಗುತ್ತಿದ್ದಳು. ಸುಧೀರ ನಗುತ್ತ ಇದನ್ನು ತಂಗಿಗೆ ಹೇಳಿದಾಗ ಅವಳಿಗೆ ನಗು ಬರಲಿಲ್ಲ.

ಹೀಗಿರುವಾಗ ಉಮಾವತಿ ಶೆಡ್ತಿ ತಮ್ಮ ಮಗಳು ಅನಿಷಾಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಪೇಟವನ್ನು ಪುರೋಹಿತರ ಮಡಿಲಿಗೆ ಬೀಳಿಸಿದ ಶರಣ್ಯಾ ಇವರ ಭಾವನ ಮಗಳೇ. ಗಂಡ ಚಂದಯ್ಯ ಶೆಟ್ಟರಿಗೆ ಪುಣೆಯಲ್ಲಿ ಹೋಟೆಲುಗಳಿವೆ, ಊರಲ್ಲಿ ಗದ್ದೆ ತೋಟ. ಮದುಮಗಳದ್ದು ಮಾತ್ರವಲ್ಲ, ಮನೆಯ ಹೆಣ್ಣುಮಕ್ಕಳೆಲ್ಲರ ಉಡುಪೂ ಇಲ್ಲಿಯೇ ಆಗಬೇಕೆಂದು ಅವರ ಆಲೋಚನೆ. ಇಷ್ಟು ದೊಡ್ಡ ಮದುವೆಯ ಕೆಲಸ ಶ್ರೀಲತಾಳಿಗೆ ಹಿಂದೆ ಬಂದದ್ದಿಲ್ಲ. ಉಮಾವತಿ ಧಾರೆ ಸೀರೆಯನ್ನು ಮೇಜಿನ ಮೇಲೆ ಬಿಡಿಸಿದರು. ಅದರ ತುದಿಯ ರವಿಕೆ ಕಣವನ್ನು ಕತ್ತರಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಅವರು ಅಲ್ಲಿದ್ದ ಒಂದು ಮಾದರಿ ರವಿಕೆಯನ್ನು ಮಗುಚಿ ನೋಡಿದರು.

"ಇದೆಂತ, ಕಂಕ್ಳಗೆ ತೇಪಿ ಹಾಕಿದ್ರಿ?"

"ತೇಪಿ ಅಲ್ಲ ಅಮ್ಮ. ಕೈ ಎತ್ತುಕೆ ಇಪ್ಪುದ್ ಅದ್."

"ಮುಂಬೈಯಗೆ ಕಲ್ತದ್ದಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೇರೆಯವರಾಗಿದ್ದರೆ ಮುಂಬಯಿಯ ಜೊತೆಗೆ ಪ್ಯಾರಿಸ್ಸನ್ನೂ ಸೇರಿಸಿ ಹೇಳುತ್ತಿದ್ದರು. ಶ್ರೀಲತಾಳಿಗೆ ಆ ಬುದ್ಧಿ ಇಲ್ಲ. "ಕಲ್ತದ್ ಮುಂಬೈಯಗೆ. ಕಲ್ತದ್ದ್ ಮಾತ್ರ ನನ್ನಮ್ಮನಿಗೋಸ್ಕರ. ಅಮ್ಮ ಮೀನ್ ಹೊರೂದ್. ನಿಮ್ಮನಿಗೂ ಬತ್ರ್. ಸುಗುಣ" ಎಂದಳು.

"ನೀ ಸುಗುಣನ ಮಗ್ಳಾ!" ಎಂದರು ಉಮಾವತಿ. ಅಲ್ಲಿಯ ತನಕ "ನೀವು" ಎನ್ನುತ್ತಿದ್ದವರು "ನೀ" ಎಂದದ್ದು ಸಲಿಗೆಯಿಂದಲೋ ಏನೋ. ಆದರೆ ಅದರ ಹಿಂದೆಯೇ ಅವರ ಕಣ್ಣು ಶ್ರೀಲತಾಳ ತಲೆಯ ಮೇಲಿನಿಂದ ಗೋಡೆಯ ಕಡೆ ಹೋಯಿತು, ಮುಖ ಬಿಳುಪೇರಿತು. ಬಿಡಿಸಿದ ಸೀರೆಯನ್ನು ಗಡಿಬಿಡಿಯಲ್ಲಿ ಮಡಿಚಿ ಚೀಲಕ್ಕೆ ಹಾಕಿಕೊಂಡರು. "ಇರ್ಲಿ, ಇವತ್ತ್ ಬ್ಯಾಡ. ಮತ್ತೆ ಹೇಳ್ತೆ" ಎಂದವರೇ ಮಗಳ ಕೈ ಹಿಡಿದು ಇಳಿದುಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯಲ್ಲಿ ಹೊಲಿಯುವ ಸರೋಜ ಮಿಷನ್ನು ನಿಲ್ಲಿಸಿ, "ನಿಮ್ಗ್ ಬಾಯಿ ಸುಮ್ನ್ ಇರ್ತಿಲ್ಯಾ ಅಕ್ಕ? ದೊಡ್ಡ್ ಮನಿಯೋರಿಗ್ ಅದನ್ನೆಲ್ಲ ಎಂತಕೆ ಹೇಳ್ಕಿತ್ತ್?" ಎಂದಳು. ಶ್ರೀಲತಾ ಕತ್ತರಿಯನ್ನು ಡ್ರಾಯರಿಗೆ ಹಾಕಿದಳು. ಕೆಲಸ ಹೋದದ್ದಕ್ಕೆ ಬೇಸರವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಅಮ್ಮನ ಹೆಸರು ಕೇಳಿದ್ದೇ ಮುಖ ನೋಡಲೂ ಆಗದೆ ಗೋಡೆ ನೋಡಿದರಲ್ಲ, ಅಮ್ಮ ತಂದುಕೊಟ್ಟ ಬಂಗುಡೆ ಗಂಟಲಲ್ಲಿ ಇಳಿಯುವಾಗ ಈ ಮುಜುಗರ ಎಲ್ಲಿತ್ತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಏನಾಯಿತೆಂದು ಅವಳಿಗೆ ಗೊತ್ತಾದದ್ದು ಆಮೇಲೆ. ಸುಗುಣ ಎಂದಿನಂತೆ ಉಮಾವತಿಯವರ ಹಿತ್ತಲಿಗೆ ಹೋಗಿ ಬುಟ್ಟಿ ಇಳಿಸಿದ್ದಳು. ಉಮಾವತಿ ಜಗಲಿಗೆ ಬಂದು, "ಎಂತ ಸುಗುಣ, ಆ ಕುಂದಾಪ್ರದ್ ಡಿಸೈನರ್ ನಿನ್ ಮಗ್ಳ್ ಅಂಬ್ರಲೆ? ನಿನ್ನೆ ಧಾರಿ ಸೀರಿ ಕೊಂಡ್ಹೋಯಿ ವಾಪಾಸ್ ತಂದೆ ಮಾರಾಯ್ತಿ" ಎಂದರು. ಅಷ್ಟರಲ್ಲಿ ಒಳಗೆ ಪುಣೆಯಿಂದ ಫೋನು ಬಂತು, "ಇರ್ ಹಾಂ, ಬಂದೆ" ಎಂದು ಹೋದರು. ಸುಗುಣ ಕಾಯಲಿಲ್ಲ. ಮಾರದೆ ಉಳಿದ ಮೀನನ್ನು ದಾರಿಯಲ್ಲಿ ಹರಿಣಾಕ್ಷಿಯ ಬುಟ್ಟಿಗೆ ಸುರಿದು, ಖಾಲಿ ಬುಟ್ಟಿ ಕಂಕುಳಲ್ಲಿ ಇರುಕಿಕೊಂಡು ಕುಂದಾಪುರದ ಬಸ್ಸು ಹತ್ತಿದಳು.

ಮೊಬೈಲ್ ಅಂಗಡಿಯ ಪಕ್ಕದ ಮೆಟ್ಟಿಲನ್ನು ಅವಳು ಹತ್ತಿದ್ದು ಅದೇ ಮೊದಲು. ಹತ್ತಿದವಳು ಒಳಗೆ ಬರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು, "ಹ್ವಾಯ್, ಇಲ್ಲ್ ಬಾ" ಎಂದು ಮಗಳನ್ನು ಕೈಸನ್ನೆಯಲ್ಲಿ ಕರೆದಳು. ಅಮ್ಮನನ್ನು ಅಲ್ಲಿ ಕಂಡ ಶ್ರೀಲತಾ ಅಪ್ಪನಿಗೇನೋ ಆಯಿತೆಂದೇ ಟೇಪು ಬಿಸಾಡಿ ಓಡಿಬಂದಳು.

"ಎಂತಕೆ ಹೇಳ್ದೆ ನೀನ್?" ಎಂದಳು ಸುಗುಣ, ತಗ್ಗಿದ ದನಿಯಲ್ಲಿ.

"ಎಂತ ಹೇಳ್ದದ್ದ್?"

"ನಾ ನಿನ್ನಮ್ಮ ಅಂದೇಳಿ!"

ಶ್ರೀಲತಾ ಬೆಪ್ಪಾಗಿ ನೋಡಿದಳು. "ನೀ ನನ್ನಮ್ಮ ಅಲ್ದಾ?"

"ಹೌದ್, ಅದ್ ಮನಿಯಗೆ. ಇಲ್ಲ್ ಎಂತಕೆ? ದೊಡ್ಡ್ ದೊಡ್ಡ್ ಮನಿ ಹೆಣ್ಮಕ್ಕಳ್ ಧಾರಿ ರವ್ಕಿ ಹೊಲ್ಸೂದ್ ನಿನ್ ಹತ್ರ. ಅದೇ ಟೇಪಗೆ ಮೀನ್ ಮಾರುವೋರ್ ಅಳ್ತೆ ತೆಗಿತ್ಲ್ ಅಂದೇಳಿ ಗೊತ್ತಾರೆ ಯಾರ್ ಬತ್ರ್? ಅದ್ಕೇ ನಾ ನಿನ್ ರವ್ಕಿ ಹಾಯ್ಕಂಡಿಲ್ಲೆ. ಅದ್ಕೇ ಈ ಮೆಟ್ಲ್ ಹತ್ತಿಲ್ಲೆ. ಹೋದ ಮನಿಯಗೆಲ್ಲ ಬಾಯ್ ಮುಚ್ಕಂಡ್ ಇದ್ದೆ. ನೀ ಒಂದ್ ಮಾತಗೆ ಎಲ್ಲ ಹಾಳ್ ಮಾಡ್ದೆ. ಶೆಡ್ತಿಯಮ್ಮ ಸೀರಿ ವಾಪಾಸ್ ಕೊಂಡ್ಹೋದ್ರ್, ಕೇಂತಾ?"

"ನಾ ಹೊಲ್ದ ಸುರುವಿನ್ ರವ್ಕಿ ಹರ್ದ್ ನಿಂಗ್ ನಾಚ್ಕಿ ಆಯ್ತ್, ಅದ್ಕೇ ನೀ ಹಾಕ್ತಿಲ್ಲ ಅಂದೇಳಿ ನಾ..."

"ಯಾವ್ ರವ್ಕಿ?"

"ಕೊಡೇರಿಯಗೆ ಹರ್ದದ್ದ್. ಕೆಂಪಿಂದ್."

ಸುಗುಣ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನೆನಪು ಬಂದ ಹಾಗೆ ಕಾಣಲಿಲ್ಲ. "ಹರ್ದ ರವ್ಕಿ ನಾ ಎಷ್ಟ್ ಹಾಯ್ಕಂಡಿದ್ನೋ ಮಗಾ. ಯಾವ್ದ್ ಅಂದೇಳಿ ನೆನ್ಪ್ ಇಟ್ಕಂಬುದ್?" ಎಂದಳು.

ಶ್ರೀಲತಾ ಮೆಟ್ಟಿಲಲ್ಲೇ ಕೂತುಬಿಟ್ಟಳು. ಯಾವ ಹರಿದ ರವಿಕೆಯನ್ನು ಮುಂಬಯಿಗೆ ಹೊತ್ತುಹೋಗಿ, ಹೊತ್ತು ತಂದು, ಅದರ ಸಂಕಟದಲ್ಲೇ ಇಷ್ಟು ದೊಡ್ಡ ಕೆಲಸ ಕಟ್ಟಿದಳೋ ಅದು ಅಮ್ಮನಿಗೆ ನೆನಪೇ ಇಲ್ಲ. ಅವಳಿಗೆ ನಗಬೇಕೆನಿಸಿತು, ಅಮ್ಮನಿಗೆ ಎರಡು ಬಾರಿಸಬೇಕೆನಿಸಿತು, ಆ ಮೀನಿನ ವಾಸನೆಯ ಸೆರಗಿನಲ್ಲಿ ಮುಖ ಹುದುಗಿಸಬೇಕೆನಿಸಿತು. ಕೊನೆಯದನ್ನೇ ಮಾಡಿದಳು.

ಆಗ ಕೆಳಗಿನಿಂದ ಏದುಸಿರು ಬಿಡುತ್ತ ಯಾರೋ ಹತ್ತಿ ಬಂದರು. ಉಮಾವತಿ, ಹಿಂದೆ ಸೀರೆಯ ಚೀಲ ಹಿಡಿದ ಅನಿಷಾ.

"ಎಂತ ಸುಗುಣ, ಮೀನೂ ಕೊಡ್ದೆ ಓಡಿದ್ದ್ ಇಲ್ಲಿಗಾ? ಇವತ್ತ್ ನಮ್ಮನಿಯಗೆ ಸಾರಿಗ್ ಎಂತ ಹಾಕುದ್, ನಿನ್ ಮಂಡೆಯಾ? ದಾರಿ ಬಿಡ್ ಕಾಂಬ, ನಂಗ್ ಕೂಕಣ್ಕ್" ಎಂದರು ಉಮಾವತಿ.

ತಾಯಿ ಮಗಳು ಇಬ್ಬರೂ ಎದ್ದು ನಿಂತು ಮುಖ ಮುಖ ನೋಡಿಕೊಂಡರು. ಅನಿಷಾಳೇ ಬಿಡಿಸಿ ಹೇಳಿದಳು. "ನಿನ್ನೆ ಮಂಗಳವಾರ ಅಕ್ಕ. ಧಾರಿ ಸೀರಿಗ್ ಮಂಗಳವಾರ ಕತ್ರಿ ತಾಗ್ಸುಕಾಗ ಅಂಬ್ರ್. ಅಮ್ಮಂಗೆ ನಿಮ್ ಕ್ಯಾಲೆಂಡರ್ ಕಂಡ್ ಮೇಲೆ ನೆನ್ಪಾಯ್ತ್. ಮದಿ ವಿಷ್ಯದಗೆ ಅಂಥದ್ದನ್ನ ಬಾಯಿಬಿಟ್ಟ್ ಹೇಳುಕೂ ಆಗ ಅಂತ್ರ್. ಅದ್ಕೇ ಓಡಿದ್ದ್."

ಶ್ರೀಲತಾ ತಿರುಗಿ ಒಳಗಿನ ಗೋಡೆ ನೋಡಿದಳು. ಅವಳು ಕೂರುವ ಕುರ್ಚಿಯ ಮೇಲ್ಗಡೆ, ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು. ಕತ್ತರಿಯಲ್ಲೇ ಬದುಕುವವರು ವಾರ ನೋಡುತ್ತ ಕೂತರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಹಾಗಾಗಿ ಅವಳಿಗೆ ಅದು ಹೊಳೆದೇ ಇರಲಿಲ್ಲ. ನಿನ್ನೆಯ ಸಿಟ್ಟೆಲ್ಲ ಈಗ ತನ್ನ ಮೇಲೆಯೇ ತಿರುಗಿ ಅವಳಿಗೆ ನಾಚಿಕೆಯಾಯಿತು.

ಸುಗುಣಳಿಗೆ ಮಾತ್ರ ಇನ್ನೂ ನಂಬಿಕೆ ಬರಲಿಲ್ಲ. "ನಾ ಇವ್ಳ್ ಅಮ್ಮ ಅಂದೇಳಿ ಅಲ್ದಾ ಅಮ್ಮ?" ಎಂದು ಕೇಳಿಯೇ ಬಿಟ್ಟಳು.

"ಯಾರ್ ಅಮ್ಮನಿಗೋಸ್ಕರ ಕಲ್ತ್ರೆ ನಂಗೆಂತ? ನನ್ ಮಗ್ಳಿಗ್ ಕೈ ಎತ್ತುಕ್ ಆಯ್ಕ್. ಆ ಶರಣ್ಯಾನ್ ಪೇಟದ್ ಕತಿ ಮತ್ತೆ ನಮ್ಮನಿಯಗೆ ಆಪ್ಪುಕಾಗ" ಎಂದು ಉಮಾವತಿ ಅವಳನ್ನು ದಾಟಿ ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತರು. ಅವರೇನೂ ಲೋಕೋದ್ಧಾರಕ್ಕೆ ಹೊರಟವರಲ್ಲ. ತಮ್ಮ ಕೆಲಸ ಆಗಬೇಕಿತ್ತು, ಹೇಳಿದರು.

ಶ್ರೀಲತಾ ಅಮ್ಮನ ಕಂಕುಳಿನ ಬುಟ್ಟಿಯನ್ನು ತೆಗೆದು ಮೂಲೆಗಿಟ್ಟು, ರಟ್ಟೆ ಹಿಡಿದು ಕನ್ನಡಿಯ ಎದುರು ತಂದು ನಿಲ್ಲಿಸಿದಳು. ಸುಗುಣ ಕೊಸರಿಕೊಳ್ಳಲು ನೋಡಿದಳು. ಸುತ್ತಲೂ ಜರಿ, ಮಣಿ, ಗಾಜಿನ ಕಪಾಟು. ಕಾಲು ಎಲ್ಲಿ ಇಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

"ಕೈ ಎತ್ತ್ ಅಮ್ಮ."

"ಈಗ್ ಬ್ಯಾಡ ಮಗಾ. ಜನ ಇದ್ರ್."

"ಎತ್ತ್ ಅಂದೆ."

ಸುಗುಣ ಬಲಗೈ ಎತ್ತಿದಳು. ಉಳಿದವರಿಗೆ ಹೇಳುವ ಹಾಗೆ ಇವಳಿಗೆ ಬುಟ್ಟಿಯ ಮಾತು ಹೇಳುವ ಅಗತ್ಯ ಬೀಳಲಿಲ್ಲ. ಕೈ ತಾನಾಗಿಯೇ ಹೋಗಿ, ಇಲ್ಲದ ಬುಟ್ಟಿಯ ಅಂಚಿನ ಮೇಲೆ ಕೂತಿತು. ಶ್ರೀಲತಾ ಸೊಂಟದಿಂದ ಕಂಕುಳಿಗೆ, ಕಂಕುಳಿನಿಂದ ಮೊಣಕೈಗೆ ಟೇಪು ಹಿಡಿದಳು. ಅಮ್ಮನ ಬಲಭುಜ ಎಡಭುಜಕ್ಕಿಂತ ಎತ್ತರ ಎಂಬುದು ಅವಳಿಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ಊಹೆಯ ಮೇಲೆ ಹೊಲಿದಿದ್ದಳು.

ಕಿಟಕಿಯ ಬದಿಯ ಸೋಫಾದಲ್ಲಿ ಬ್ರಹ್ಮಾವರದಿಂದ ಬಂದ ಒಬ್ಬರು ಹೆಂಗಸು ಮಗಳ ಜೊತೆ ಕೂತಿದ್ದರು. ಸುಗುಣ ಒಳಗೆ ಬಂದದ್ದೇ ಅವರು ಸೆರಗನ್ನು ಮೂಗಿನ ಹತ್ತಿರ ತಂದಿದ್ದರು. ಸುಗುಣಳ ಹೆದರಿಕೆ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಈಗ ಅವರು ಗಡಿಯಾರ ನೋಡಿ, ಗಟ್ಟಿಯಾಗಿಯೇ ಕೇಳಿದರು. "ಹ್ವಾಯ್, ನಾವ್ ಬೆಳಿಗ್ಗೆಯಿಂದ ಕೂಕಂಡಿತ್ತ್. ಇವ್ರ್ ಯಾರ್? ಇವ್ರದ್ ಎಂತಕೆ ಮೊದ್ಲ್?"

ಸರೋಜಳ ಮಿಷನ್ನು ನಿಂತಿತು. ಶ್ರೀಲತಾ ಉತ್ತರ ಕೊಡಲು ಬಾಯಿ ತೆರೆದಳು, ಆದರೆ ಅವಳಿಗಿಂತ ಮೊದಲು ಸುಗುಣಳೇ ತಿರುಗಿದಳು. ಎತ್ತಿದ ಕೈ ಇಳಿಸಲಿಲ್ಲ. ಗದ್ದೆಯ ಆಚೆಯ ಮನೆಗೂ ಕೇಳುವ, ಬಂಗುಡೆ ಮಾರುವ ಆ ದನಿಯಲ್ಲಿಯೇ ಹೇಳಿದಳು.

"ನಾ ಇವ್ಳ್ ಅಮ್ಮ. ಉಪ್ಪುಂದದಗೆ ಮೀನ್ ಮಾರೂದ್. ನಂದ್ ಆಯ್ಲಿ, ಮತ್ತೆ ನಿಮ್ದ್."

ಶ್ರೀಲತಾಳಿಗೆ ಟೇಪಿನ ಅಂಕಿಗಳೆಲ್ಲ ಕಲಸಿಹೋದವು. ಕಣ್ಣು ಒರೆಸಿಕೊಂಡು ಮತ್ತೆ ಮೊದಲಿನಿಂದ ಅಳತೆ ತೆಗೆಯಬೇಕಾಯಿತು.